ಸಹಾಯ ಬೇಕು: 60 ಸಾವಿರದೊಳಗೆ ಗೇಮಿಂಗ್ ಪಿಸಿ

ಪಿಯುಸಿ ಮುಗೀಲಿ, ಕೊಡಿಸ್ತೀನಿ ಅಂತ ತಮ್ಮನಿಗೆ ಮಾತು ಕೊಟ್ಟಿದ್ದೆ. ಈಗ ಉಳಿಸಿಕೊಳ್ಳಬೇಕು. ಮಾನಿಟರ್ ಮನೇಲೇ ಇದೆ, 1080ಪಿ.

ಪ್ರೊಸೆಸರ್ ರೈಜೆನ್ 5 5600 ಅಂದ್ಕೊಂಡಿದ್ದೀನಿ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯೊಂದರಲ್ಲಿ "5600ಜಿ ತಗೊಳ್ಳಿ, ಎರಡೂ ಒಂದೇ" ಅಂದ್ರು. ಒಂದೇ ಅಲ್ಲ. 5600ಜಿಯ ಎಲ್‌3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರದು 32. ಜಿ ಅಂದ್ರೆ ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇರೋದು; ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕೋರಿಗೆ ಅದು ಯಾಕೆ?

ತಲೆ ಕೆಟ್ಟಿರೋದು ಕಾರ್ಡ್ ವಿಚಾರಕ್ಕೆ. ಹೊಸ ಆರ್‌ಎಕ್ಸ್ 6600, 8 ಜಿಬಿ ತಗೊಳ್ಳಲಾ, ಸೆಕೆಂಡ್‌ಹ್ಯಾಂಡ್ ಆರ್‌ಟಿಎಕ್ಸ್ 3060, 12 ಜಿಬಿ ನೋಡಲಾ? ತಮ್ಮ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಕೂಡ ಕಲೀತಿದ್ದಾನೆ. ಹಳೇ ಕಾರ್ಡ್ ಆದ್ರೆ ಅಲ್ಲೇ ಏನೇನು ಪರೀಕ್ಷೆ ಮಾಡಿಸಬೇಕು?

ನಮ್ಮೂರು ಹಾಸನದ ಹತ್ತಿರ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತೆ. ಎಸ್‌ಎಂಪಿಎಸ್‌ನಲ್ಲಿ (ಪಿಸಿಯ ಪವರ್ ಸಪ್ಲೈ) ದುಡ್ಡು ಉಳಿಸೋ ಮನಸ್ಸಿಲ್ಲ. 550 ವ್ಯಾಟ್ ಸಾಕಾ? ಶನಿವಾರ ಬೆಂಗಳೂರಿಗೆ ಹೊರಟಿದ್ದೀನಿ, ಅಷ್ಟರೊಳಗೆ ಹೇಳಿದ್ರೆ ತುಂಬಾ ಉಪಕಾರ.