ಸ್ವಗತ ಅನ್ನೋ ಒಂದೇ ಪದ ಎಷ್ಟು ಕಡೆ ಬಳಸೋದು?

ಎಲ್ರಿಗೂ ನಮಸ್ಕಾರ. ಒಂದು ಪದದ ವಿಷಯ ಕೇಳಬೇಕಿತ್ತು, ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ.

ನಾನು ಡಿಗ್ರಿ ಕಾಲೇಜಲ್ಲಿ ಇಂಗ್ಲಿಷ್ ಪಾಠ ಮಾಡ್ತೀನಿ, ಕ್ಲಾಸಲ್ಲಿ ಹೆಚ್ಚಿನ ಮಕ್ಕಳು ಕನ್ನಡ ಮೀಡಿಯಂನಿಂದ ಬಂದೋರು, ಹಾಗಾಗಿ ಪದ್ಯ ನಾಟಕ ಕಾದಂಬರಿ ಯಾವುದೇ ಆಗ್ಲಿ ಮೊದಲು ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷಿಗೆ ಹೋಗೋದು ನಮ್ಮಲ್ಲಿ ರೂಢಿ. ಈ ಸಲ ಶೇಕ್ಸ್‌ಪಿಯರ್ ನಾಟಕ ಹ್ಯಾಮ್ಲೆಟ್, ಇಂಗ್ಲಿಷ್ ಕವಿ ಬ್ರೌನಿಂಗ್ ಪದ್ಯ, ಜೇನ್ ಆಸ್ಟಿನ್ ಬರೆದ ಎಮ್ಮಾ ಮೂರೂ ಒಂದರ ಹಿಂದೆ ಒಂದು ಬಂತು. ಸಾಲಿಲಕ್ವಿ (ರಂಗದ ಮೇಲೆ ಪಾತ್ರ ಒಂಟಿಯಾಗಿ ತನ್ನಷ್ಟಕ್ಕೆ ಆಡೋ ಮಾತು) ಅಂದ್ರೆ ಸ್ವಗತ ಅಂದೆ. ಡ್ರಮ್ಯಾಟಿಕ್ ಮೊನೊಲಾಗ್ (ಪದ್ಯದಲ್ಲಿ ಒಂದು ಪಾತ್ರವೇ ಇಡೀ ಮಾತಾಡೋದು) ಬಂದಾಗ ನಾಟಕೀಯ ಸ್ವಗತ ಅಂದೆ, ಇಂಟೀರಿಯರ್ ಮೊನೊಲಾಗ್ (ಪಾತ್ರದ ತಲೆಯೊಳಗೆ ಓಡೋ ಯೋಚನೆ) ಬಂದಾಗ ಆಂತರಿಕ ಸ್ವಗತ, ಅಸೈಡ್ (ರಂಗದಲ್ಲಿ ಪಕ್ಕದಲ್ಲಿರೋರಿಗೆ ಕೇಳಿಸದ ಹಾಗೆ ಆಡೋ ಮಾತು) ಬಂದಾಗ ಮತ್ತೆ ಸ್ವಗತ. ಒಬ್ಬ ಹುಡುಗಿ ಎದ್ದು ನಿಂತು ‘ಸರ್, ಎಲ್ಲಾನೂ ಸ್ವಗತನೇ ಆದ್ರೆ ವ್ಯತ್ಯಾಸ ಬರೀರಿ ಅಂತ ಕೇಳಿದಾಗ ಏನು ಬರೀಬೇಕು’ ಅಂದ್ಲು. ಅವಳು ಕೇಳಿದ್ದು ಸರಿಯಾಗೇ ಇದೆ. ಅವತ್ತಿಂದ ಇದೇ ತಲೇಲಿ ಕೂತಿದೆ.

ನನಗೆ ಈಗ ಅನ್ಸೋದು ಏನಂದ್ರೆ, ಇಂಗ್ಲಿಷಿನವರು ಈ ಹೆಸರುಗಳನ್ನ ಇಟ್ಟಿರೋದು ಮಾತಾಡೋರನ್ನ ನೋಡ್ಕೊಂಡು. ಸಾಲಿಲಕ್ವಿ ಅನ್ನೋದು ಲ್ಯಾಟಿನ್ನಿಂದ ಬಂದಿದ್ದು, ಒಬ್ಬಂಟಿ ಅನ್ನೋದಕ್ಕೂ ಮಾತು ಅನ್ನೋದಕ್ಕೂ ಗಂಟು ಹಾಕಿದ ಪದ. ಮೊನೊಲಾಗ್ ಗ್ರೀಕಿಂದು, ಅದರ ಅರ್ಥವೂ ಹೆಚ್ಚುಕಮ್ಮಿ ಅದೇ. ಸಂತ ಅಗಸ್ಟಿನ್ ಕ್ರಿ.ಶ. 386-87ರ ಹೊತ್ತಿಗೆ ತಾನೂ ತನ್ನ ವಿವೇಕವೂ ಕೂತು ಮಾತಾಡೋ ಹಾಗೆ ಒಂದು ಗ್ರಂಥ ಬರೆದ, ಅದಕ್ಕೆ ಸಾಲಿಲೋಕ್ವಿಯ ಅಂತ ಹೆಸರಿಟ್ಟ, ಇದು ಹೊಸ ಪದ, ಸ್ವಲ್ಪ ಒರಟಾಗಿ ಕೇಳಬಹುದು, ಆದ್ರೆ ವಿಷಯಕ್ಕೆ ಹೊಂದುತ್ತೆ ಅಂತ ಆ ಪುಸ್ತಕದೊಳಗೇ ಹೇಳಿದಾನೆ. ಅಂದ್ರೆ ಆ ಪದ ಹುಟ್ಟಿದ್ದು ಇಬ್ಬರ ಸಂಭಾಷಣೆ ಇರೋ ಪುಸ್ತಕದಲ್ಲಿ! ಇಬ್ಬರೂ ಒಳಗಿನವರೇ, ಅಷ್ಟೇ.

ನಮ್ಮ ಕಡೆ ವಿಂಗಡಣೆ ಬೇರೆ ಥರ. 10ನೇ ಶತಮಾನದ ಧನಂಜಯನ ದಶರೂಪಕ ಅನ್ನೋ ಸಂಸ್ಕೃತ ನಾಟ್ಯಗ್ರಂಥದಲ್ಲಿ ರಂಗದ ಮಾತನ್ನ ಮೂರು ಮಾಡಿದಾರೆ: ಎಲ್ಲರಿಗೂ ಕೇಳಿಸೋದು ಸರ್ವಶ್ರಾವ್ಯ, ಯಾರಿಗೂ ಕೇಳಿಸಬಾರದ್ದು ಅಶ್ರಾವ್ಯ, ಆರಿಸಿದವರಿಗೆ ಮಾತ್ರ ಕೇಳಿಸೋದು ನಿಯತಶ್ರಾವ್ಯ. ಮೊದಲನೇದಕ್ಕೆ ಪ್ರಕಾಶ ಅಂತ ಹೆಸರು, ಎರಡನೇದೇ ಸ್ವಗತ, ಮೂರನೇದರಲ್ಲಿ ಜನಾಂತಿಕ ಮತ್ತು ಅಪವಾರಿತ (ಪಕ್ಕಕ್ಕೆ ತಿರುಗಿ ಒಬ್ಬರಿಗೆ ಗುಟ್ಟು ಹೇಳೋದು) ಅಂತ ಎರಡು ಬಗೆ. ಜನಾಂತಿಕದಲ್ಲಿ ಕೈಯನ್ನ ತ್ರಿಪತಾಕ ಮುದ್ರೇಲಿ (ಉಂಗುರ ಬೆರಳು ಮಡಚಿ) ಹಿಡಿದು ಮರೆ ಮಾಡ್ಕೊಂಡು ಇಬ್ಬರು ಮಾತಾಡ್ತಾರೆ, ಉಳಿದವರು ಅಲ್ಲೇ ನಿಂತಿದ್ರೂ ಕೇಳಿಸಲ್ಲ ಅನ್ನೋದು ಒಪ್ಪಂದ. ಇಡೀ ವಿಂಗಡಣೆ ನಿಂತಿರೋದು ‘ಯಾರಿಗೆ ಕೇಳಿಸ್ತು’ ಅನ್ನೋದರ ಮೇಲೆ, ಯಾರು ಎಷ್ಟು ಹೊತ್ತು ಮಾತಾಡಿದ್ರು ಅನ್ನೋದು ಅಲ್ಲಿ ಲೆಕ್ಕಕ್ಕೇ ಇಲ್ಲ. ಹಾಗಾಗಿ ಸ್ವಗತ ಅನ್ನೋ ಪದವನ್ನ ಸಾಲಿಲಕ್ವಿಗೆ ತಂದು ಕೂರಿಸಿದಾಗ ಒಂದು ಚೂರು ಜಾರುತ್ತೆ, ಯಾಕಂದ್ರೆ ಸ್ವಗತ ಆಡೋ ಪಾತ್ರ ಒಬ್ಬಂಟಿಯಾಗಿರಬೇಕು ಅಂತೇನಿಲ್ಲ, ಪಕ್ಕದಲ್ಲಿ ನಾಲ್ಕು ಜನ ನಿಂತಿರುವಾಗಲೂ ಆಡಬಹುದು, ಆಗ ಅದು ಇಂಗ್ಲಿಷಿನ ಅಸೈಡ್ ಆಗುತ್ತೆ. ಹಳೇ ನಾಟಕದ ಪುಸ್ತಕಗಳಲ್ಲಿ ಮಾತಿನ ನಡುವೆ ‘ಸ್ವಗತ’, ಆಮೇಲೆ ‘ಪ್ರಕಾಶ’ ಅಂತ ಬರೋದು ಇದಕ್ಕೇ.

ಇದನ್ನ ಇಟ್ಕೊಂಡು ಹ್ಯಾಮ್ಲೆಟ್ ಮತ್ತೆ ಓದಿದೆ. ಎರಡನೇ ಅಂಕದ ಕೊನೇಲಿ ನಟರನ್ನೆಲ್ಲಾ ಕಳಿಸಿದ ಮೇಲೆ ಹ್ಯಾಮ್ಲೆಟ್ ಮೊದಲು ಹೇಳೋದೇ ‘ಈಗ ನಾನೊಬ್ಬನೇ’ ಅಂತ, ಆಮೇಲೆ ತನ್ನನ್ನ ತಾನು ಬೈಕೊಳ್ಳೋಕೆ ಶುರು ಮಾಡ್ತಾನೆ. ಅದು ಶುದ್ಧ ಒಂಟಿಮಾತು. ಆದ್ರೆ ಎಲ್ಲರ ಬಾಯಲ್ಲೂ ಇರೋ ‘ಟು ಬಿ ಆರ್ ನಾಟ್ ಟು ಬಿ’ ಇದೆಯಲ್ಲಾ, ಮೂರನೇ ಅಂಕದ ಮೊದಲ ದೃಶ್ಯ, ಅಲ್ಲಿ ಅವನು ಒಬ್ಬನೇ ಇಲ್ಲ. ಅವನು ಪ್ರೀತಿಸಿದ ಒಫೀಲಿಯಾ ಪುಸ್ತಕ ಹಿಡ್ಕೊಂಡು ಅಲ್ಲೇ ಇದಾಳೆ, ಅವನ ಅಪ್ಪನ್ನ ಕೊಂದು ರಾಜನಾದ ಚಿಕ್ಕಪ್ಪ ಕ್ಲಾಡಿಯಸ್ಸು, ಒಫೀಲಿಯಾಳ ಅಪ್ಪ ಪೊಲೋನಿಯಸ್ಸು ಮರೇಲಿ ನಿಂತು ಕಿವಿ ಕೊಟ್ಟಿದಾರೆ. ಅವರಿಗೆ ಈ ಮಾತು ಕೇಳಿಸ್ತಾ ಇಲ್ವಾ? ನಾಟಕ ಅದನ್ನ ಹೇಳಲ್ಲ, ಪ್ರತಿ ನಿರ್ದೇಶಕನೂ ತಾನೇ ತೀರ್ಮಾನ ಮಾಡಬೇಕು. ಇನ್ನೊಂದು ಗಮನಿಸಿ, ಒಫೀಲಿಯಾ ಕಡೆ ತಿರುಗೋವರೆಗೂ ಆ ಇಡೀ ಮಾತಲ್ಲಿ ‘ನಾನು’ ಅನ್ನೋ ಪದ ಒಂದು ಸಲವೂ ಬರಲ್ಲ, ಎಲ್ಲಾ ‘ನಾವು’, ‘ನಮ್ಮ’. ತನ್ನ ಮಾತು ಅನ್ನೋ ಅರ್ಥದ ಸ್ವಗತದಲ್ಲಿ ತಾನೇ ಇಲ್ಲ.

ಅದಕ್ಕಿಂತ ನನಗೆ ಹೆಚ್ಚು ಹಿಡಿಸೋದು ಅದೇ ಅಂಕದ ಮೂರನೇ ದೃಶ್ಯ. ಕ್ಲಾಡಿಯಸ್ ಒಬ್ಬನೇ ಕೂತು ಅಣ್ಣನ್ನ ಕೊಂದಿದ್ದನ್ನ ಬಾಯ್ಬಿಟ್ಟು ಹೇಳ್ತಾನೆ, ಆಮೇಲೆ ಪ್ರಾರ್ಥನೆಗೆ ಮಂಡಿ ಊರ್ತಾನೆ. ಹಿಂದಿನಿಂದ ಹ್ಯಾಮ್ಲೆಟ್ ಬರ್ತಾನೆ, ಕತ್ತಿ ಹಿರೀತಾನೆ, ಪ್ರಾರ್ಥನೆ ಮಾಡ್ತಿರೋನನ್ನ ಕೊಂದ್ರೆ ಸ್ವರ್ಗಕ್ಕೆ ಹೋಗಿಬಿಡ್ತಾನೆ ಅಂತ ಲೆಕ್ಕ ಹಾಕಿ ಕತ್ತಿ ಒಳಗಿಟ್ಟು ಹೋಗ್ತಾನೆ. ಅವನು ಹೋದ ಮೇಲೆ ಕ್ಲಾಡಿಯಸ್ ಎದ್ದು, ಮಾತು ಮೇಲೆ ಹಾರ್ತು, ಮನಸ್ಸು ಕೆಳಗೇ ಉಳೀತು ಅಂತಾನೆ, ಅಂದ್ರೆ ಪ್ರಾರ್ಥನೆ ಆಗ್ಲೇ ಇಲ್ಲ. ಇಬ್ಬರ ಸ್ವಗತವೂ ನಮಗೆ ಕೇಳಿಸ್ತು, ಒಬ್ಬರದು ಇನ್ನೊಬ್ಬರಿಗೆ ಕೇಳಿಸಲಿಲ್ಲ, ಕೇಳಿಸಿದ್ರೆ ನಾಟಕ ಅಲ್ಲಿಗೇ ಮುಗೀತಿತ್ತು. ಧನಂಜಯನ ಅಶ್ರಾವ್ಯ ಅನ್ನೋ ಪದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಹಾಗಾಗಿ ನಾಟಕದ ಮಟ್ಟಿಗೆ ಸ್ವಗತ ಅನ್ನೋ ಪದ ಬಿಡೋದು ಬೇಡ ಅನ್ನೋದು ನನ್ನ ಪಕ್ಷ. ಅಸೈಡೂ ಅದರೊಳಗೇ ಬರಲಿ, ಬೇಕಾದ್ರೆ ‘ಮರೆಮಾತು’ ಅಂತ ಒಂದು ಚಿಕ್ಕ ಪದ ಇಟ್ಕೊಳ್ಳೋಣ. ಈಗಿನ ಅಚ್ಚಲ್ಲಿ ಅಸೈಡ್ ಅಂತ ಕಾಣೋ ಸೂಚನೆಗಳು ಬಹುಪಾಲು ಶೇಕ್ಸ್‌ಪಿಯರ್ ಕಾಲದ ಪ್ರತಿಗಳಲ್ಲಿ ಇಲ್ಲ, ಆಮೇಲಿನ ಸಂಪಾದಕರು ಸೇರಿಸಿದ್ದು, ಅದರ ಗಡಿ ಅಷ್ಟೇನೂ ಗಟ್ಟಿ ಅಲ್ಲ.

ನಿಜವಾದ ಕಷ್ಟ ಬ್ರೌನಿಂಗ್ ಹತ್ರ. 1842ರ ಮೈ ಲಾಸ್ಟ್ ಡಚೆಸ್, 56 ಸಾಲಿನ ಪದ್ಯ. ಫೆರಾರಾದ ಡ್ಯೂಕ್ ಗೋಡೆ ಮೇಲಿನ ಪರದೆ ಸರಿಸಿ ತೀರಿಹೋದ ಹೆಂಡತಿಯ ಚಿತ್ರ ತೋರಿಸ್ತಾ ಮಾತಾಡ್ತಾನೆ. ಯಾರಿಗೆ ತೋರಿಸ್ತಿದಾನೆ ಅನ್ನೋದು ಪದ್ಯ ಮುಗೀತಾ ಬಂದಾಗ ಗೊತ್ತಾಗುತ್ತೆ: ಇನ್ನೊಬ್ಬ ಕೌಂಟ್‌ನ ಮಗಳ ಜೊತೆ ಮದುವೆ ಮಾತಿಗೆ ಬಂದಿರೋ ದೂತ ಅವನು, ವರದಕ್ಷಿಣೆ ವಿಷಯನೂ ಅಲ್ಲೇ ಬರುತ್ತೆ. ಹಿಂದಿನ ಹೆಂಡತಿ ಎಲ್ಲರನ್ನೂ ನೋಡಿ ನಗ್ತಿದ್ಲು, ನಾನು ಅಪ್ಪಣೆ ಕೊಟ್ಟೆ, ನಗು ಎಲ್ಲಾ ಒಟ್ಟಿಗೇ ನಿಂತುಹೋಯ್ತು ಅಂತಾನೆ, ಅಷ್ಟೇ, ಮುಂದಿನ ಮಾತಿಗೆ ಹೋಗಿಬಿಡ್ತಾನೆ. ಇದನ್ನ ಸ್ವಗತ ಅನ್ನೋದು ಹೇಗೆ? ಎದುರಿಗೆ ಮನುಷ್ಯ ಕೂತಿದಾನೆ, ಕೂತ್ಕೊಳ್ಳಿ ಅಂತ ಡ್ಯೂಕೇ ಹೇಳಿದಾನೆ, ಕೊನೆಗೆ ಇಬ್ಬರೂ ಒಟ್ಟಿಗೇ ಕೆಳಗಿಳಿಯೋಣ ಅಂತಾನೆ. ಆ ದೂತನ ಒಂದೇ ಒಂದು ಮಾತೂ ನಮಗೆ ಕೇಳಿಸಲ್ಲ, ಆದ್ರೆ ಅವನು ಎದ್ದಿದ್ದು, ಹಿಂದೆ ಸರಿದಿದ್ದು ಡ್ಯೂಕಿನ ಮಾತಲ್ಲೇ ಗೊತ್ತಾಗುತ್ತೆ. ಕ್ಲಾಸಲ್ಲಿ ನಾನು ಕೊಟ್ಟ ಹೋಲಿಕೆ, ಬಸ್ಸಲ್ಲಿ ಪಕ್ಕದ ಸೀಟಿನವರು ಫೋನಲ್ಲಿ ಮಾತಾಡೋದು ಕೇಳಿಸ್ಕೊಂಡ ಹಾಗೆ ಅಂತ. ಒಂದು ಕಡೆ ಮಾತ್ರ ಕೇಳುತ್ತೆ, ಇನ್ನೊಂದು ಕಡೆ ನಾವೇ ತುಂಬ್ಕೊಳ್ತೀವಿ. ಮಕ್ಕಳಿಗೆ ತಕ್ಷಣ ಹತ್ತಿತು.

ಇದಕ್ಕೆ ಸಂಸ್ಕೃತದಲ್ಲಿ ಸಿಗೋ ಹತ್ತಿರದ ಪದ ಆಕಾಶಭಾಷಿತ. ಭಾಣ ಅನ್ನೋ ಒಬ್ಬನೇ ನಟನ ರೂಪಕದಲ್ಲಿ ವಿಟ ಬೀದೀಲಿ ಹೋಗ್ತಾ ಕಾಣದೇ ಇರೋರ ಜೊತೆ ‘ಏನಂದೆ? ಹೀಗಂತೀಯಾ?’ ಅಂತ ಅವರ ಮಾತನ್ನೂ ತಾನೇ ಹೇಳ್ಕೊಂಡು ಉತ್ತರ ಕೊಡ್ತಾ ಹೋಗ್ತಾನೆ. ಹತ್ತಿರ ಇದೆ, ಆದ್ರೆ ಸರಿಹೊಂದಲ್ಲ, ಯಾಕಂದ್ರೆ ಡ್ಯೂಕ್ ದೂತನ ಮಾತನ್ನ ಹಾಗೆ ಎತ್ತಿ ಹೇಳಲ್ಲ, ಅವನ ಮೌನವೇ ಪದ್ಯದ ಅರ್ಧ ಜೀವ. ನಾನು ಸದ್ಯಕ್ಕೆ ‘ಒಮ್ಮುಖ ಮಾತು’ ಅಂತ ಬಳಸ್ತಿದೀನಿ. ಅದೂ ಎಲ್ಲಾ ಕಡೆ ನಿಲ್ಲಲ್ಲ. ಅದೇ ಬ್ರೌನಿಂಗ್ 1836ರಲ್ಲಿ ಪೋರ್ಫೀರಿಯಾಸ್ ಲವರ್ ಪ್ರಕಟಿಸಿದ, ಅಲ್ಲಿ ಪ್ರಿಯತಮೆಯನ್ನ ಅವಳ ಕೂದಲಿಂದಲೇ ಕತ್ತು ಬಿಗಿದು ಕೊಂದವನು ರಾತ್ರಿಯೆಲ್ಲಾ ಹೆಣದ ಪಕ್ಕ ಕೂತು ಮಾತಾಡ್ತಾನೆ, ಕೇಳೋರು ಯಾರೂ ಕಾಣಲ್ಲ, ಕೊನೇ ಸಾಲು ಮಾತ್ರ ‘ದೇವರು ಇನ್ನೂ ಒಂದು ಮಾತೂ ಆಡಿಲ್ಲ’ ಅಂತ. ಅಲ್ಲಿಗೆ ಕೇಳುಗ ಯಾರು ಅಂತ ಒಂದು ಸುಳಿವು ಬರುತ್ತೆ, ಅವನೂ ಮಾತಾಡ್ತಿಲ್ಲ.

ಎಲಿಯಟ್‌ನ ಪ್ರೂಫ್ರಾಕ್ ಪದ್ಯ (1915) ಇದನ್ನ ಇನ್ನೂ ಒಂದು ಸುತ್ತು ತಿರುಗಿಸುತ್ತೆ. ‘ನಡಿ ಹೋಗೋಣ, ನೀನೂ ನಾನೂ’ ಅಂತ ಶುರು, ಆ ‘ನೀನು’ ಗೆಳೆಯನಾ, ಓದುಗನಾ, ಅವನದೇ ಇನ್ನೊಂದು ಅರ್ಧವಾ, ಜಗಳ ಈಗಲೂ ಇದೆ. ಪದ್ಯದ ತಲೆ ಮೇಲೆ ಇಟಲಿಯ ಕವಿ ಡಾಂಟೆಯ ನರಕದ ಕಾವ್ಯದಿಂದ ಎತ್ತಿದ ಸಾಲುಗಳಿವೆ: ಇಲ್ಲಿಂದ ಜೀವಂತ ವಾಪಸ್ ಹೋದವರು ಯಾರೂ ಇಲ್ಲ ಅಂತ ಕೇಳಿದೀನಿ, ಅದಕ್ಕೇ ಅಪಕೀರ್ತಿಗೆ ಹೆದರದೆ ನಿನಗೆ ಹೇಳ್ತೀನಿ ಅಂತ ಬೆಂಕಿಯೊಳಗಿನ ಒಬ್ಬ ಹೇಳೋ ಮಾತು. ಕೇಳಿದವನು ಹೊರಗೆ ಹೋಗಿ ಹೇಳಲ್ಲ ಅನ್ನೋ ನಂಬಿಕೆ ಇದ್ರೆ ಮಾತ್ರ ಬಾಯಿ ತೆರೆಯುತ್ತೆ. ಇದೂ ನಿಯತಶ್ರಾವ್ಯವೇ ಅಲ್ವಾ?

ಇಲ್ಲಿ ಒಂದು ವಿಷಯ ಹೊಳೀತು, ಅದನ್ನ ಹೇಳೋಕೇ ಮುಖ್ಯವಾಗಿ ಬರೀತಿರೋದು. ಸಂಸ್ಕೃತಕ್ಕೆ ಹೋಗೋಕೆ ಮುಂಚೆ ನಮ್ಮ ಆಡುಮಾತಲ್ಲೇ ಈ ವ್ಯತ್ಯಾಸ ಇದೆ, ‘ಕೊಳ್ಳು’ ಅನ್ನೋದರಲ್ಲಿ. ಅಂದ್ಕೊಂಡ, ಮಾತಾಡ್ಕೊಂಡ, ಹೇಳ್ಕೊಂಡ. ಅಂದ್ಕೊಂಡ ಅಂದ್ರೆ ದನಿಯೇ ಇಲ್ಲ, ಒಳಗೇ. ತನ್ನಷ್ಟಕ್ಕೆ ತಾನೇ ಮಾತಾಡ್ಕೊಂಡ ಅಂದ್ರೆ ದನಿ ಇದೆ, ಕೇಳೋರು ಇಲ್ಲ. ಹೇಳ್ಕೊಂಡ ಅಂದ್ರೆ ಕೇಳೋಕೆ ಇನ್ನೊಬ್ಬರು ಬೇಕೇ ಬೇಕು, ಕಷ್ಟ ಹೇಳ್ಕೊಳ್ಳೋಕೂ ಒಂದು ಕಿವಿ ಬೇಕು ಅಂತೀವಲ್ಲ. ಮೂರಲ್ಲೂ ‘ಕೊಳ್ಳು’ ಇದೆ, ಮಾತಾಡಿದವನ ಕಡೆಗೇ ಏನೋ ತಿರುಗುತ್ತೆ, ಆದ್ರೂ ಮೂರೂ ಬೇರೆ. ಹ್ಯಾಮ್ಲೆಟ್ ಮಾತಾಡ್ಕೊಳ್ತಾನೆ. ಡ್ಯೂಕ್ ಹೇಳ್ಕೊಳ್ತಾನೆ (ಕೊಚ್ಕೊಳ್ತಾನೆ ಅಂದ್ರೆ ಇನ್ನೂ ಸರಿ). ಮಾಲಿ ಬ್ಲೂಮ್ ಅಂದ್ಕೊಳ್ತಾಳೆ.

ಮಾಲಿ ಅಂದ್ರೆ ಜಾಯ್ಸ್‌ನ ಯುಲಿಸಿಸ್ (1922) ಕೊನೇ ಅಧ್ಯಾಯ, ಡಬ್ಲಿನ್ನಲ್ಲಿ ನಡುರಾತ್ರಿ ಕಳೆದ ಮೇಲೆ ಮಲಗಿರೋ ಗಂಡನ ಪಕ್ಕ ಎಚ್ಚರವಾಗಿರೋ ಹೆಂಡತಿ, ಎಂಟೇ ವಾಕ್ಯ ಆದ್ರೆ ಪುಟಗಟ್ಟಲೆ, ಕಾಮಾ ಪೂರ್ಣವಿರಾಮ ಇಲ್ಲ ಅನ್ನೋಷ್ಟು ಕಮ್ಮಿ. ನಮ್ಮಲ್ಲಿ ಇದಕ್ಕೆ ಪ್ರಜ್ಞಾಪ್ರವಾಹ ಅಂತ ಪದ ಬಳಕೇಲಿದೆ, ಚೆನ್ನಾಗೂ ಇದೆ, ಬದಲಾಯಿಸೋದು ಬೇಡ. ಆದ್ರೆ ಆಂತರಿಕ ಸ್ವಗತ ಅನ್ನೋದು ನನಗೆ ಎರಡು ಸಲ ಒಳಗೆ ಹೋದ ಹಾಗೆ ಕೇಳುತ್ತೆ.

ಕೊನೇದು ಎಮ್ಮಾ, ಇಲ್ಲೇ ನಿಮ್ಮ ಸಹಾಯ ನಿಜವಾಗಿ ಬೇಕಿರೋದು. 1815ರ ಡಿಸೆಂಬರಲ್ಲಿ ಬಂದ ಕಾದಂಬರಿ, ಮುಖಪುಟದಲ್ಲಿ 1816 ಅಂತಿದೆ. ತನ್ನ ಗೆಳತಿಗೆ ಅಂತ ಎಮ್ಮಾ ನೋಡಿಟ್ಟಿದ್ದ ಗಂಡು ಗಾಡೀಲಿ ಎಮ್ಮಾಗೇ ತನ್ನನ್ನ ಮದುವೆಯಾಗು ಅಂತ ಕೇಳಿಬಿಡ್ತಾನೆ, ಎಮ್ಮಾ ಮನೆಗೆ ಬಂದು ತಲೆಗೂದಲು ಸುರುಳಿ ಸುತ್ತಿಸ್ಕೊಂಡು, ಕೆಲಸದವಳನ್ನ ಕಳಿಸಿ, ಯೋಚನೆ ಮಾಡ್ತಾ ಸಂಕಟಪಡೋಕೆ ಕೂತ್ಕೊಳ್ತಾಳೆ. ಮುಂದಿನ ವಾಕ್ಯ ‘ಎಂಥಾ ಅನಾಹುತ ಆಗಿಹೋಯ್ತು!’ ಅನ್ನೋ ಧಾಟೀಲಿದೆ. ಇದು ಯಾರ ಮಾತು? ನಿರೂಪಕಿಯ ವ್ಯಾಕರಣ, ಎಮ್ಮಾಳ ದನಿ. ‘ಅವಳು ಅಂದ್ಕೊಂಡ್ಲು’ ಅಂತ ಇಲ್ಲ, ಕೊಟೇಶನ್ ಗುರುತೂ ಇಲ್ಲ. ಇಂಗ್ಲಿಷಲ್ಲಿ ಇದಕ್ಕೆ ಫ್ರೀ ಇಂಡೈರೆಕ್ಟ್ ಸ್ಟೈಲ್ ಅಂತಾರೆ, ಮುಕ್ತ ಪರೋಕ್ಷ ಶೈಲಿ ಅಂತ ಅನುವಾದ ಮಾಡಿದ್ರೆ ಮಕ್ಕಳಿಗೆ ಏನೂ ಮುಟ್ಟಲ್ಲ.

ಇಂಗ್ಲಿಷಿನವರು ಈ ಕೆಲಸ ಮಾಡೋದು ‘ಅವಳು’ ಅನ್ನೋ ಸರ್ವನಾಮ ಮತ್ತೆ ಭೂತಕಾಲ ಇಟ್ಕೊಂಡು. ನಮ್ಮ ಹತ್ರ ಅದಕ್ಕಿಂತ ಚೂಪಾದ ಒಂದು ಪದ ಇದೆ: ತಾನು. ‘ತಾನು ಬರ್ತೀನಿ ಅಂದ್ಲು’ ಅಂತ ನಾವು ದಿನಾ ಹೇಳ್ತೀವಿ, ನೋಡಿ, ತಾನು ಅನ್ನೋದು ಹೇಳೋರ ಕಡೆಯಿಂದ, ಬರ್ತೀನಿ ಅನ್ನೋದು ಅವಳ ಕಡೆಯಿಂದ, ಒಂದೇ ವಾಕ್ಯದಲ್ಲಿ ಇಬ್ಬರೂ ನಿಂತಿದಾರೆ. ವರ್ಜೀನಿಯಾ ವುಲ್ಫ್‌ಳ ಮಿಸೆಸ್ ಡ್ಯಾಲೋವೇ (1925) ಮೊದಲ ಸಾಲು, ಹೂವು ತಾನೇ ತರ್ತೀನಿ ಅಂದ್ಲು ಮಿಸೆಸ್ ಡ್ಯಾಲೋವೇ, ಕನ್ನಡದಲ್ಲಿ ಒಂಚೂರೂ ಎಳೆದಾಡದೆ ಬಂದು ಕೂತ್ಕೊಳ್ಳುತ್ತೆ.

ಆದ್ರೆ ಅಲ್ಲಿ ‘ಅಂದ್ಲು’ ಇದೆ. ಅದನ್ನ ತೆಗೆದ್ರೆ? ಎಮ್ಮಾಳಿಗೆ ಕಾದಂಬರಿಯ ಕೊನೇ ಭಾಗದಲ್ಲಿ ತನ್ನ ತಪ್ಪೆಲ್ಲಾ ಒಟ್ಟಿಗೆ ಕಾಣೋ ಜಾಗ ಒಂದಿದೆ, ತನ್ನ ನಡತೆ ಎಷ್ಟು ವಿವೇಕ ಇಲ್ಲದ್ದು, ಎಂಥಾ ಕುರುಡು, ಎಂಥಾ ಹುಚ್ಚು ತನ್ನನ್ನ ನಡೆಸ್ತು ಅನ್ನೋ ಥರ. ಅದನ್ನ ನಾನು ಮೂರು ಥರ ಬರೆದು ನೋಡಿದೆ. ‘ತಾನು ಎಷ್ಟು ಕುರುಡಿಯಾಗಿದ್ದೆ!’ ‘ತಾನು ಎಷ್ಟು ಕುರುಡಿಯಾಗಿದ್ದಳು!’ ‘ತಾನು ಎಷ್ಟು ಕುರುಡಿ!’ ಮೊದಲನೇದರಲ್ಲಿ ಎಮ್ಮಾ ತುಂಬಾ ಹತ್ತಿರ ಬಂದುಬಿಡ್ತಾಳೆ, ‘ಅಂತ’ ಇಲ್ಲದೆ ವಾಕ್ಯ ಗಾಳೀಲಿ ನಿಂತ ಹಾಗೂ ಅನ್ಸುತ್ತೆ. ಎರಡನೇದು ಅನುವಾದದ ವಾಸನೆ ಹೊಡೆಯುತ್ತೆ. ಮೂರನೇದರಲ್ಲಿ ಕ್ರಿಯಾಪದವೇ ಇಲ್ದಿರೋದರಿಂದ ಪಾರಾಗ್ತೀವಿ, ಆದ್ರೆ ಪ್ರತಿ ವಾಕ್ಯದಲ್ಲೂ ಹಾಗೆ ಪಾರಾಗೋಕೆ ಆಗಲ್ಲ.

ನಿಮ್ಮ ನಿಮ್ಮ ಊರಿನ ಮಾತಲ್ಲಿ ‘ಅಂತ’ ಬಿಟ್ಟು ಬರೀ ‘ತಾನು ಹೀಗ್ಯಾಕೆ ಮಾಡಿದೆ’ ಅಂತ ಕಥೆ ಹೇಳೋವಾಗ ಬರುತ್ತಾ? ಧಾರವಾಡದ ಕಡೆ, ಮಂಗಳೂರಿನ ಕಡೆ, ಕುಂದಾಪುರದ ಕಡೆ ಹೇಗೆ? ಮನೇಲಿ ಅಜ್ಜಿಯೋ ಅತ್ತೆಯೋ ಕಥೆ ಹೇಳಿದ್ದು ನೆನಪಿದ್ರೆ ಆ ವಾಕ್ಯ ಹಾಗೇ ಬರೆದು ಕಳಿಸಿ, ತಿದ್ದೋದು ಬೇಡ. ಹಾಗೇ ಡ್ರಮ್ಯಾಟಿಕ್ ಮೊನೊಲಾಗಿಗೆ ಒಮ್ಮುಖ ಮಾತು ಅನ್ನೋದಕ್ಕಿಂತ ಒಳ್ಳೇದು ಹೊಳೆದ್ರೆ ಅದನ್ನೂ ಹೇಳಿ, ಮುಂದಿನ ವಾರ ಆ ಹುಡುಗಿಗೆ ಉತ್ತರ ಕೊಡ್ತೀನಿ ಅಂತ ಹೇಳಿ ಬಂದಿದೀನಿ.