ಗ್ಲೈಡರ್ ಪೆಟ್ಟಿಗೆ ಕಟ್ಟುವ ಬಗ್ಗೆ ಅಪ್ಪಿಗೆ

ಅಪ್ಪಿ, ಎರಡು ಮೀಟರ್ ರೆಕ್ಕೆಯ ರೇಡಿಯೊ ಗ್ಲೈಡರನ್ನು, ಅಂದರೆ ರಿಮೋಟಿನಿಂದ ಹಾರಿಸುವ ಆ ಮಾದರಿ ವಿಮಾನವನ್ನು, ಶಿರಸಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ, ಅಲ್ಲಿಂದ ಮುಂದೆ ವಿಮಾನದಲ್ಲಿ ಒಯ್ಯುವುದು ಹೇಗೆ ಎಂದು ಕೇಳಿದ್ದೀಯ. ಚುಟುಕಾಗಿ ಹೇಳಲು ಹೊರಟರೆ ಅರ್ಧ ಬಿಟ್ಟುಹೋಗುತ್ತದೆ, ಪೂರ್ತಿ ಕೇಳು.

ಭಾರದ ಸಾಮಾನನ್ನು ರೆಕ್ಕೆಯ ಪೆಟ್ಟಿಗೆಯಲ್ಲಿ ಇಡಲೇಬೇಡ. ಜಾಗ ಉಳಿದಿದೆಯೆಂದು ಸಮತೋಲನಕ್ಕೆ ಗ್ಲೈಡರಿನ ಮೂಗಿನಲ್ಲಿಡುವ ಸೀಸ, ಚಾರ್ಜರ್, ಸ್ಕ್ರೂಡ್ರೈವರ್ ಎಲ್ಲವನ್ನೂ ಅಲ್ಲೇ ತುರುಕುತ್ತಾರೆ. ಬಸ್ಸು ಒಮ್ಮೆ ಎತ್ತಿಹಾಕಿದರೆ ಸಾಕು, ಆ ಸೀಸವೇ ಒಳಗಿನಿಂದ ರೆಕ್ಕೆಯ ಬಾಲ್ಸಾ ಎಂಬ ಹಗುರ ಮರದ ಪಟ್ಟಿಗಳನ್ನು ಮುರಿಯುತ್ತದೆ. ಅವೆಲ್ಲ ಬಟ್ಟೆಯ ಸೂಟ್‌ಕೇಸಿಗೆ ಹೋಗಲಿ.

ರೆಕ್ಕೆಯನ್ನು ನಡುವೆ ಬಿಚ್ಚಿದರೆ ಒಂದೊಂದು ಭಾಗ ಸುಮಾರು ಒಂದು ಮೀಟರ್. ಪೆಟ್ಟಿಗೆ 105, 30, 20 ಸೆಂಟಿಮೀಟರ್ ಇರಲಿ, ಕೂಡಿದರೆ 155. ಬಹಳಷ್ಟು ವಿಮಾನ ಸಂಸ್ಥೆಗಳ ಮಿತಿ 158, ಆದರೂ ನಿನ್ನ ಟಿಕೆಟ್ಟಿನ ನಿಯಮ ಓದಿಕೋ. ದಪ್ಪ ರಟ್ಟಿನ ಪೆಟ್ಟಿಗೆಯ ಉದ್ದದ ನಾಲ್ಕು ಮೂಲೆಗಳಿಗೂ ಒಳಗಿನಿಂದ ಅಡಿಕೆ ದಬ್ಬೆ ಕಟ್ಟು. ನಮ್ಮಲ್ಲಿ ಅದಕ್ಕೇನೂ ಬರವಿಲ್ಲ, ಪೆಟ್ಟಿಗೆ ಬಾಗುವುದೂ ಇಲ್ಲ.

ರೆಕ್ಕೆಗಳನ್ನು ಮಲಗಿಸಬೇಡ, ಮುಂದಿನ ದುಂಡು ಅಂಚು ಕೆಳಗೆ ಬರುವಂತೆ ನಿಲ್ಲಿಸು. ಹಿಂದಿನ ಅಂಚು ಬಾಳೆಲೆಯ ಅಂಚಿನಷ್ಟು ತೆಳು, ಅದರ ಮೇಲೆ ರಬ್ಬರ್ ಬ್ಯಾಂಡ್ ಕೂಡ ಬಿಗಿಯಬಾರದು. ರೆಕ್ಕೆಯ ಅಡಿಗೆ ಸರ್ವೋದ, ಅಂದರೆ ರೆಕ್ಕೆಯ ಚಲಿಸುವ ಭಾಗವನ್ನು ತಿರುಗಿಸುವ ಸಣ್ಣ ಮೋಟಾರಿನ, ಪುಟ್ಟ ತೋಳು ಚಾಚಿಕೊಂಡಿರುತ್ತದಲ್ಲ, ಅದು ಪಕ್ಕದ ರೆಕ್ಕೆಯ ಹೊದಿಕೆಯನ್ನು ಚುಚ್ಚುತ್ತದೆ. ಫೋಮಿನ ತುಂಡಿಗೆ ತೂತು ಕೊರೆದು ತೋಳಿನ ಸುತ್ತ ಕೂರಿಸು. ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ಅಲುಗಾಡಿಸಿ ನೋಡು. ಒಳಗೆ ಸಣ್ಣ ಸದ್ದಾದರೂ ಬಿಚ್ಚಿ ಮತ್ತೆ ತುಂಬು.

ಲಿಥಿಯಂ ಪಾಲಿಮರ್ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಬಿಡಿ ಬ್ಯಾಟರಿಯನ್ನು ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿದ್ದರೆ ವಿಶೇಷ ಅನುಮತಿ ಬೇಡ. ನಿನ್ನದು 11.1 ವೋಲ್ಟ್, 2200 ಮಿಲಿಆಂಪ್-ಅವರ್ ಆದರೆ ಸುಮಾರು 24 ಅಷ್ಟೇ. ಚಾರ್ಜನ್ನು ಪ್ರತಿ ಸೆಲ್ಲಿಗೆ ಸುಮಾರು 3.8 ವೋಲ್ಟ್ ಉಳಿಯುವವರೆಗೆ ಇಳಿಸಿ, ಕನೆಕ್ಟರಿಗೆ ಟೇಪ್ ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಇಡು. ಟ್ರಾನ್ಸ್‌ಮಿಟರೂ, ಅಂದರೆ ಹಾರಿಸುವ ರಿಮೋಟೂ, ಕೈಚೀಲದಲ್ಲೇ ಇರಲಿ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಡೆ ಇಡಬೇಡ, ಕಾವಿಗೆ ಹೊದಿಕೆ ಸಡಿಲವಾಗಿ ಸುಕ್ಕುಗಟ್ಟುತ್ತದೆ.

ಬಿಚ್ಚುವ ಮೊದಲೇ ಸಮತೋಲನದ ಬಿಂದುವನ್ನು ರೆಕ್ಕೆಯ ಅಡಿಯಲ್ಲಿ ಪೆನ್ನಿನಿಂದ ಗುರುತು ಮಾಡು. ಊರು ತಲುಪಿ ಜೋಡಿಸಿದ ಮೇಲೆ ಆ ಗುರುತಿನಲ್ಲಿ ಬೆರಳಿಟ್ಟು ತೂಗಿ, ಸರ್ವೋಗಳು ಸರಿಯಾದ ದಿಕ್ಕಿಗೆ ತಿರುಗುತ್ತವೆಯೇ ಎಂದು ನೋಡಿಯೇ ಎಸೆ. ಪೆಟ್ಟಿಗೆ ಕಟ್ಟುವ ದಿನ ಯಾವುದೆಂದು ತಿಳಿಸು, ದಬ್ಬೆ ಸೀಳಿಕೊಂಡು ನಾನೇ ಬರುತ್ತೇನೆ.