ಇಪ್ಪತ್ತೆರಡು ವರ್ಷದ ಮೇಲೆ ಅಣ್ಣನನ್ನು ನೋಡಲು ದುಬೈಗೆ: ಹೋಗಿ ಬಂದವರು ಅನುಭವ ತಿಳಿಸಿ

ಅಂಕೋಲಾ (ಪ್ರಶ್ನೆ ಕೇಳಿದವರು)

ನನ್ನ ಅಣ್ಣ ದುಬೈಯಲ್ಲಿದ್ದಾನೆ. 2003ರಲ್ಲಿ ಅಪ್ಪನ ಕಾರ್ಯ ಮುಗಿಸಿ ಹೋದವನು ಮತ್ತೆ ಊರಿಗೆ ಬಂದಿಲ್ಲ. ನಡುವೆ ಎಂಟು ವರ್ಷ ಮಾತೂ ಇರಲಿಲ್ಲ. ಕಾರಣ ಇಲ್ಲಿ ಬೇಡ. ಕಳೆದ ದೀಪಾವಳಿಗೆ ಅವನೇ ಫೋನ್ ಮಾಡಿ ‘ಒಮ್ಮೆ ಬಂದು ಹೋಗು’ ಎಂದ. ನನಗೆ 57 ವರ್ಷ, ಮಂಡಿನೋವು, ಹತ್ತನೆಯ ತರಗತಿ ಪಾಸಾಗಿಲ್ಲ, ವಿಮಾನ ಹತ್ತಿದವಳಲ್ಲ. ಒಬ್ಬಳೇ ಹೋಗಬಹುದೇ? ಎಷ್ಟು ದಿನ ಇರಬೇಕು? ಗೋವಾದಿಂದಲೋ ಮಂಗಳೂರಿನಿಂದಲೋ? ಖರ್ಚನ್ನು ಅವನಿಂದ ತೆಗೆದುಕೊಳ್ಳಲು ಮನಸ್ಸಿಲ್ಲ. ಅವನು ಬಾಯಿಬಿಟ್ಟು ಕೇಳಿದ್ದು ಒಂದೇ, ಕರಿ ಇಶಾಡ ಮಾವಿನಹಣ್ಣು. ಹಾಗಾಗಿ ಮೇ ತಿಂಗಳಲ್ಲಿ ಹೋಗುವ ಯೋಚನೆ.

ಹೊನ್ನಾವರ

ಅಕ್ಕಾ, ಮಾವಿನಹಣ್ಣು ಆಮೇಲೆ. ಮೊದಲು ಪಾಸ್‌ಪೋರ್ಟ್ ತೆಗೆದು ನಿಮ್ಮ ಹೆಸರು ಎರಡು ಸಾಲಿನಲ್ಲಿದೆಯೇ ನೋಡಿ.

ನಾನು ಶಾರ್ಜಾದಲ್ಲಿರುವ ತಂಗಿಯನ್ನು ನೋಡಲು ಹೊರಟದ್ದು 2022ರ ನವೆಂಬರ್ ಕೊನೆಯ ವಾರ, ಹದಿನಾಲ್ಕು ವರ್ಷದ ಮೇಲೆ. ಆ ತಿಂಗಳ 21ರಿಂದ ಯು.ಎ.ಇ. (ದುಬೈ, ಶಾರ್ಜಾ ಎರಡೂ ಸೇರಿದ ದೇಶ) ಹೊಸ ನಿಯಮ ತಂದಿತ್ತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಮನೆತನದ ಹೆಸರಿನ ಜಾಗ ಖಾಲಿಯಿದ್ದರೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ. ನನ್ನದು ಒಂದೇ ಹೆಸರು. ನಮ್ಮ ಮನೆಯ ಹೆಂಗಸರಿಗೆ ಎರಡನೆಯ ಹೆಸರು ಬರೆಸಿದವರೇ ಇಲ್ಲ. ಮಂಗಳೂರಿನ ಕೌಂಟರಿನಲ್ಲಿದ್ದ ಹುಡುಗಿ ಪಾಸ್‌ಪೋರ್ಟನ್ನು ಮೂರು ಸಲ ತಿರುಗಿಸಿ ನೋಡಿ ‘ಆಗುವುದಿಲ್ಲ’ ಎಂದಳು. ಬೆಳಗಿನ ಜಾವ ನಾಲ್ಕು ಗಂಟೆ. ಕಾರಿನವನು ಆಗಲೇ ಮುಲ್ಕಿ ದಾಟಿದ್ದ, ಫೋನ್ ಮಾಡಿ ವಾಪಸು ಕರೆಸಿದೆ.

ಲೆಕ್ಕ ನನಗೆ ಈಗಲೂ ಬಾಯಿಪಾಠ. ಟಿಕೆಟ್ 24,300, ಮರಳಿ ಬಂದದ್ದು 1,870. ವೀಸಾದ 8,500 ಪೂರ್ತಿ ಹೋಯಿತು. ಕಾರಿಗೆ 7,200. ಪಾಸ್‌ಪೋರ್ಟಿಗೆ ಹೆಸರು ಸೇರಿಸಲು ಮತ್ತೆ 1,500. ಫೋಟೊ, ಪ್ರಮಾಣಪತ್ರ, ನೋಟರಿ ಸೇರಿ 900. ಒಟ್ಟು 40,530 ರೂಪಾಯಿ. ಎರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಮೂರು ವರ್ಷ ಕೂಡಿಟ್ಟ ಹಣ ಅದು. ಮಾರ್ಚ್‌ನಲ್ಲಿ ಮತ್ತೆ ಹೋದೆ, ಆಗ ಟಿಕೆಟ್ 29,800.

ಅಲ್ಲಿ ಹೊರಗೆ ನಿಂತಿದ್ದ ತಂಗಿ ನನ್ನ ಪಕ್ಕದಿಂದಲೇ ಎರಡು ಸಲ ಹಾದುಹೋದಳು. ನಾನು ಕನ್ನಡಕ ಹಾಕಿಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ.

ಶಿರಸಿ ಹತ್ತಿರದ ತೋಟಿಗ

ನನ್ನ ಮಾತು ಯಾರಿಗಾದರೂ ಕಹಿಯಾದರೆ ಆಗಲಿ. ಹೊರದೇಶದಲ್ಲಿ ನೆಲೆ ನಿಂತವರೇ ಊರಿಗೆ ಬರಬೇಕು. ನಾವು ಹೋಗಬಾರದು.

ನನ್ನ ತಮ್ಮ ಅಮೆರಿಕದಲ್ಲಿದ್ದಾನೆ, ಇಪ್ಪತ್ತಾರು ವರ್ಷವಾಯಿತು. ನಾನು ಎರಡು ಸಲ ವೀಸಾ ಕೇಳಿದೆ, ಎರಡು ಸಲವೂ ಇಲ್ಲ ಎಂದರು. 2019ರಲ್ಲಿ 160 ಡಾಲರ್, 2023ರ ಕೊನೆಗೆ 185 ಡಾಲರ್. ನಿರಾಕರಿಸಿದರೂ ಶುಲ್ಕ ಮರಳಿ ಕೊಡುವುದಿಲ್ಲ. ಶಿರಸಿಯಿಂದ ಹುಬ್ಬಳ್ಳಿ, ಅಲ್ಲಿಂದ ಚೆನ್ನೈ. ಒಂದು ದಿನ ಬೆರಳಚ್ಚಿಗೆ, ಮರುದಿನ ಸಂದರ್ಶನಕ್ಕೆ. ಮೂರು ರಾತ್ರಿ ವಸತಿಗೃಹ. ತೋಟದ ಪಹಣಿಯನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಹಾಕಿಸಲು 2,400. ಐದು ವರ್ಷದ ಅಡಿಕೆ ಮಾರಾಟದ ಪಟ್ಟಿ, ಸೊಪ್ಪಿನ ಬೆಟ್ಟದ ಕಾಗದ, ಎಲ್ಲವನ್ನೂ ಕಡತದಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ನನ್ನ ಬಳಿ ಆದಾಯ ತೆರಿಗೆಯ ವಿವರಪಟ್ಟಿ ಇಲ್ಲ, ಅದಕ್ಕೇ ಇಷ್ಟು ಪಾಡು. ಗಾಜಿನ ಆಚೆಯ ಅಧಿಕಾರಿ ಕಡತ ಮುಟ್ಟಲೂ ಇಲ್ಲ. ಮೂರು ನಿಮಿಷ. 214(ಬಿ) ಎಂದು ಬರೆದ ಕಾಗದ ಕೈಗೆ ಬಂತು. ನಾನು ಮರಳಿ ಬರುತ್ತೇನೆ ಎಂಬ ನಂಬಿಕೆ ಅವರಿಗಿಲ್ಲ ಎಂದು ಅದರ ಅರ್ಥ. ನಾಲ್ಕು ಎಕರೆ ತೋಟ, ಕೊಟ್ಟಿಗೆಯಲ್ಲಿ ಆರು ಜಾನುವಾರು ಬಿಟ್ಟು ನಾನು ಅಲ್ಲಿ ಹೋಗಿ ಏನು ಮಾಡಲಿ?

ಕಾರಣ ಆಮೇಲೆ ತಿಳಿಯಿತು. ಅಲ್ಲಿನ ಪೌರತ್ವ ಸಿಕ್ಕ ಹುಮ್ಮಸ್ಸಿನಲ್ಲಿ ತಮ್ಮ 2009ರಲ್ಲಿಯೇ ನನ್ನ ಹೆಸರಿಗೆ ಸಹೋದರರ ವಲಸೆ ಅರ್ಜಿ ಹಾಕಿದ್ದ. ಭಾರತೀಯರಿಗೆ ಆ ಸರದಿ ಹದಿನೈದು ವರ್ಷ ದಾಟಿದರೂ ಬಾರದು. ಆದರೆ ಪ್ರವಾಸಿ ವೀಸಾದ ಅರ್ಜಿಯಲ್ಲಿ ‘ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಸಲ್ಲಿಸಿದ್ದಾರೆಯೇ’ ಎಂಬ ಪ್ರಶ್ನೆಯಿದೆ. ನಿಜ ಬರೆದೆ. ಅವನ ಪ್ರೀತಿಯೇ ನನಗೆ ಅಡ್ಡಗಾಲಾಯಿತು ಎಂದು ಅವನಿಗೆ ಇದುವರೆಗೆ ಹೇಳಿಲ್ಲ. ಅವನು ಒಮ್ಮೆ ಬಂದ, ಒಂಬತ್ತು ದಿನಕ್ಕೆ. ಅದರಲ್ಲಿ ನಾಲ್ಕು ದಿನ ಬೆಂಗಳೂರಿನಲ್ಲಿ ಹೆಂಡತಿಯ ಮನೆ.

ಭಟ್ಕಳ

ಆ ಅಕ್ಕ ಕೇಳಿದ್ದು ದುಬೈ. ಅಮೆರಿಕದ ಕಥೆ ಹೇಳಿ ಯಾಕೆ ಹೆದರಿಸುತ್ತೀರಿ? ನಮ್ಮ ಊರಿನಲ್ಲಿ ದುಬೈಗೆ ಹೋಗದ ಮನೆ ಹುಡುಕಬೇಕು. ಭೇಟಿ ವೀಸಾ 30 ದಿನದ್ದೂ ಇದೆ, 60 ದಿನದ್ದೂ ಇದೆ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ, ಅಷ್ಟು ನೆನಪಿಡಿ. ಹತ್ತನೆಯ ತರಗತಿ ಪಾಸಾಗದಿದ್ದರೂ ಚಿಂತೆ ಬೇಡ, 50 ವರ್ಷ ದಾಟಿದವರಿಗೆ ಇ.ಸಿ.ಆರ್. (ಹೊರಡುವ ಮುನ್ನ ನಮ್ಮ ಸರಕಾರದ ಅನುಮತಿ ಬೇಕೆಂಬ ನಿಯಮ) ಅನ್ವಯಿಸುವುದಿಲ್ಲ, ಅದು ಇರುವುದೂ ದುಡಿಮೆಗೆ ಹೋಗುವವರಿಗೆ. ಗಸಗಸೆ ಒಯ್ಯಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಾಗುತ್ತದೆ. ಒಣ ಕೊಬ್ಬರಿ ಬೆಂಕಿ ಹಿಡಿಯುವ ವಸ್ತುವೆಂದು ಇಲ್ಲಿಯೇ ತೆಗೆದಿಡುತ್ತಾರೆ.

ಹೊನ್ನಾವರದ ಬಾಯಿಯವರಿಗೆ ಒಂದು ಮಾತು. ಆ ನಿಯಮ ಬಂದ ಕೆಲವೇ ದಿನಗಳಲ್ಲಿ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂದು ಸಡಿಲಿಸಿದರು. ಒಂದು ವಾರ ತಡೆದಿದ್ದರೆ ನಿಮ್ಮ ಹಣ ಉಳಿಯುತ್ತಿತ್ತು.

ಈಗ ನನ್ನದು. ನನ್ನ ಅಕ್ಕನನ್ನು 1986ರಲ್ಲಿ ಕರಾಚಿಗೆ ಮದುವೆ ಮಾಡಿಕೊಟ್ಟರು. ನಾನು 2006ರಲ್ಲಿ ದೆಹಲಿಗೆ ಹೋಗಿ ಸಂಝೌತಾ ರೈಲು ಹತ್ತಿ ಹೋದೆ. ವೀಸಾದಲ್ಲಿ ಊರಿನ ಹೆಸರು ಬರೆದಿರುತ್ತದೆ, ಆ ಊರು ಬಿಟ್ಟು ಇನ್ನೊಂದಕ್ಕೆ ಕಾಲಿಡುವಂತಿಲ್ಲ. ತಲುಪಿದ ಕೂಡಲೇ ಪೊಲೀಸರಲ್ಲಿ ಹೆಸರು ಬರೆಸಬೇಕು, ಹೊರಡುವಾಗ ಮತ್ತೆ. ಹದಿನೈದು ದಿನದಲ್ಲಿ ಎರಡು ಪೂರ್ತಿ ದಿನ ಠಾಣೆಯ ಬೆಂಚಿನ ಮೇಲೆ ಕಳೆದೆ. 2019ರ ಆಗಸ್ಟ್‌ನಲ್ಲಿ ಆ ರೈಲೂ ನಿಂತಿತು. ಆಗ ನನ್ನ ಮಗ ಹೇಳಿದ, ‘ಅತ್ತೆಯೂ ದುಬೈಗೆ ಬರಲಿ, ನೀವೂ ಬನ್ನಿ.’ ಆ ಡಿಸೆಂಬರ್‌ನಲ್ಲಿ ದುಬೈಯ ದೇರಾದಲ್ಲಿ ಎರಡು ಕೋಣೆಯ ಮನೆ ಹಿಡಿದು ಒಂಬತ್ತು ದಿನ ಇದ್ದೆವು. ಭಟ್ಕಳದ ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತಿ ಕೈಚೀಲದಲ್ಲಿ ಒಯ್ದಿದ್ದೆ. ಅಕ್ಕ ಅದನ್ನು ಮುಡಿಯಲಿಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡಳು. 2025ರ ಏಪ್ರಿಲ್‌ನಲ್ಲಿ ಅಟ್ಟಾರಿ ಗಡಿ ಮುಚ್ಚಿದ ದಿನ ಫೋನ್ ಮಾಡಿ ‘ಆ ಒಂಬತ್ತು ದಿನ ಹತ್ತು ಆಗಬೇಕಿತ್ತು’ ಎಂದಳು.

ಹೊನ್ನಾವರ

ಒಂದು ವಾರ ತಡೆಯಬೇಕಿತ್ತು ಎಂದು ಸಲೀಸಾಗಿ ಬರೆದಿರಿ. ಟಿಕೆಟ್ ತೆಗೆದದ್ದು ಸೆಪ್ಟೆಂಬರ್‌ನಲ್ಲಿ. ನಿಯಮ ಬಂದ ವಿಷಯವೇ ಕೌಂಟರಿನಲ್ಲಿ ಗೊತ್ತಾದದ್ದು. ಸಡಿಲಿಸಿದ್ದು ಮನೆಗೆ ಮರಳಿದ ಮೇಲೆ ತಿಳಿಯಿತು, ಆದರೆ ಅಷ್ಟರಲ್ಲಿ ಪಾಸ್‌ಪೋರ್ಟ್ ತಿದ್ದುಪಡಿಗೆ ಹಣ ಕಟ್ಟಿದ್ದೆ. ಊರು ತುಂಬ ದುಬೈಗೆ ಹೋದವರಿರುವ ನಿಮಗೆ ಯಾರಾದರೂ ಹೇಳುತ್ತಾರೆ. ನನಗೆ ಹೇಳುವವರು ಯಾರಿದ್ದರು?

ಭಟ್ಕಳ

ನೋಯಿಸಬೇಕೆಂದು ಬರೆದದ್ದಲ್ಲ. ತಪ್ಪಾಯಿತು.

ಕಾರವಾರ, ತೋಡೂರು

ನಾವು ಮೊದಲು ಅರ್ಗಾದವರು. ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ, ದೋಣಿ ಎಳೆಯುವ ಜಾಗ ಎಲ್ಲ ಹೋಯಿತು. ಅಣ್ಣ ಅದಕ್ಕೂ ಮೊದಲೇ ಮಸ್ಕತ್‌ಗೆ ಹೋಗಿದ್ದ. ಅವನ ಕಣ್ಣಿನಲ್ಲಿ ಊರೆಂದರೆ ಇನ್ನೂ ಅರ್ಗಾದ ಮನೆಯೇ. ‘ಬಾವಿಕಟ್ಟೆ ಹಾಗೆಯೇ ಇದೆಯೇ’ ಎಂದು ಕೇಳುತ್ತಿದ್ದ. ಬೇಲಿಯ ಒಳಗಿರುವುದನ್ನು ನಾನಾದರೂ ಹೇಗೆ ನೋಡಲಿ?

ಹೆಚ್ಚುವರಿ ಪರಿಹಾರದ ಮೊಕದ್ದಮೆಗೆ ಅವನ ಸಹಿ ಬೇಕಾಯಿತು. ಹಾಗಾಗಿ ಹದಿನೇಳು ವರ್ಷದ ಮೇಲೆ ಮಸ್ಕತ್‌ಗೆ ಹೋದೆ. ಹನ್ನೊಂದು ದಿನ. ನಮ್ಮ ರಾಯಭಾರ ಕಚೇರಿಯಲ್ಲಿ ಅವನ ಪರವಾಗಿ ನಾನೇ ಸಹಿ ಹಾಕಲು ಅವನಿಂದ ಮುಖತ್ಯಾರ ಪತ್ರ ಮಾಡಿಸಿಕೊಂಡು ಬಂದೆ. ಬಂದವನು ಅದನ್ನು ಟ್ರಂಕಿನಲ್ಲಿಟ್ಟೆ, ವಕೀಲರ ಕೈಗೆ ಕೊಟ್ಟದ್ದು ಐದು ತಿಂಗಳಿಗೆ. ಹೊರದೇಶದಲ್ಲಿ ಬರೆದ ಮುಖತ್ಯಾರ ಪತ್ರಕ್ಕೆ ಅದು ಭಾರತಕ್ಕೆ ಬಂದ ಮೂರು ತಿಂಗಳ ಒಳಗೆ ಮುದ್ರಾಂಕ ಶುಲ್ಕ ಕಟ್ಟಬೇಕಂತೆ. ಮತ್ತೆ ಬರೆಸಬೇಕಾಯಿತು. ಈ ಸಲ ಅಣ್ಣ ಒಬ್ಬನೇ ರಜೆ ಹಾಕಿ ಹೋಗಿ ಮಾಡಿಸಿ ಕೊರಿಯರ್ ಮಾಡಿದ, ಒಂದು ಮಾತೂ ಆಡಲಿಲ್ಲ. ಅಂಕೋಲಾದವರೇ, ಜಮೀನಿನ ಕಾಗದ ಏನಾದರೂ ಬಾಕಿಯಿದ್ದರೆ ಇದೇ ಸಲ ಮುಗಿಸಿಕೊಂಡು ಬನ್ನಿ.

ಹೊನ್ನಾವರ

ಹದಿನೇಳು ವರ್ಷ ನೆನಪಾಗದ ಅಣ್ಣ ಸಹಿ ಬೇಕಾದಾಗ ನೆನಪಾದನೇ? ಅಕ್ಕಾ, ದಯವಿಟ್ಟು ಕಾಗದ ಒಯ್ಯಬೇಡಿ. ಚೀಲದಲ್ಲಿ ಅದು ಕಂಡ ಕ್ಷಣ ನೀವು ಬಂದದ್ದು ಅದಕ್ಕೇ ಎಂದಾಗುತ್ತದೆ. ನನ್ನ ತಂಗಿ ಮೊದಲ ರಾತ್ರಿಯೇ ಕೇಳಿದಳು, ‘ಅಣ್ಣಂದಿರು ಏನಾದರೂ ಕೊಟ್ಟು ಕಳಿಸಿದ್ದಾರೆಯೇ?’ ತಿಂಡಿ ಕೇಳುತ್ತಿದ್ದಾಳೆ ಎಂದುಕೊಂಡು ಹಲಸಿನ ಹಪ್ಪಳ ತೆಗೆದೆ. ಅವಳು ಕೇಳಿದ್ದು ಆಸ್ತಿಯಲ್ಲಿ ತನ್ನ ಹಕ್ಕು ಬಿಟ್ಟುಕೊಡುವ ಪತ್ರದ ಬಗ್ಗೆ.

ಕಾರವಾರ, ತೋಡೂರು

ಬಾಯಿಗೆ ಬಂದ ಹಾಗೆ ಬರೆಯಬೇಡಿ. ಮನೆ ಕಳೆದುಕೊಂಡವರಿಗೆ ಪರಿಹಾರದ ಕಾಗದ ದುರಾಸೆಯ ಕಾಗದವಲ್ಲ. ಅದರಲ್ಲಿ ಅಣ್ಣನ ಪಾಲೂ ಇತ್ತು, ಒಂದು ಪೈಸೆ ಬಿಡದೆ ಕಳಿಸಿದ್ದೇನೆ. ಹೋಗಲು ಹಣವಿಲ್ಲದೆ ಹದಿನೇಳು ವರ್ಷ ಆದದ್ದು. ಮೊಕದ್ದಮೆಯ ನೆಪವಿಲ್ಲದಿದ್ದರೆ ಮನೆಯವರು ಆ ಖರ್ಚಿಗೆ ಒಪ್ಪುತ್ತಲೂ ಇರಲಿಲ್ಲ.

ಶಿರಸಿ ಹತ್ತಿರದ ತೋಟಿಗ

ನಿಮ್ಮ ಅಕ್ಕತಂಗಿಯರ ಪಾಲು? ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಪಿತ್ರಾರ್ಜಿತದಲ್ಲಿ ಮಗಳಿಗೆ ಹಕ್ಕಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಾರವಾರ, ತೋಡೂರು

ನನಗೆ ಅಕ್ಕತಂಗಿಯರೇ ಇಲ್ಲ. ಕೇಳಿ ಬರೆಯಿರಿ.

ಕುಮಟಾ

ಗೋವಾವೋ ಮಂಗಳೂರೋ ಎಂದು ಕೇಳಿದ್ದರು, ಯಾರೂ ಉತ್ತರಿಸಿಲ್ಲ. ಅಂಕೋಲಾದಿಂದ ಗೋವಾ ಹತ್ತಿರ. ಆದರೆ ಅಲ್ಲಿ ಎರಡು ವಿಮಾನ ನಿಲ್ದಾಣ, ಮೋಪಾವೋ ದಾಬೋಳಿಯೋ ಟಿಕೆಟಿನಲ್ಲಿ ನೋಡಿ. ಮೋಪಾ ಗೋವಾದ ಉತ್ತರ ತುದಿ. ಜೂನ್ ಬಂದರೆ ಯಾವ ದಾರಿಯನ್ನೂ ನಂಬಬೇಡಿ. 2024ರ ಜುಲೈ 18ಕ್ಕೆ ದಾಬೋಳಿಯಿಂದ ನನ್ನ ವಿಮಾನ, ಕತಾರಿನಲ್ಲಿರುವ ಅಣ್ಣನ ಬಳಿಗೆ. 16ರ ಬೆಳಿಗ್ಗೆ ನಿಮ್ಮದೇ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ ಮುಚ್ಚಿತು. ಗಂಗಾವಳಿಯ ದಡದಲ್ಲಿ ಚಹಾದ ಅಂಗಡಿ ನಡೆಸುತ್ತಿದ್ದ ಕುಟುಂಬವೇ ಹೋಯಿತು. ಎಷ್ಟೋ ಸಲ ಅಲ್ಲಿ ಇಳಿದು ಚಹಾ ಕುಡಿದಿದ್ದೆ. ರೈಲಿನಲ್ಲಿ ಮಡಗಾಂವ್‌ಗೆ ಹೋಗೋಣ ಎಂದು ಮಗ ಹೇಳಿದ. ನನಗೆ ಹೊರಡಲು ಮನಸ್ಸಾಗಲಿಲ್ಲ. 19,600 ರೂಪಾಯಿ ಹೋಯಿತು. ಅಣ್ಣ ಈಗಲೂ ‘ರೈಲಿತ್ತಲ್ಲ’ ಎನ್ನುತ್ತಾನೆ. ಇತ್ತು, ಆದರೆ ಹೋಗಲಾಗಲಿಲ್ಲ. ಅಷ್ಟೇ.

ಅಂಕೋಲಾ (ಪ್ರಶ್ನೆ ಕೇಳಿದವರು)

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಆ ಚಹಾದ ಅಂಗಡಿ ನನಗೂ ಗೊತ್ತಿತ್ತು. ಪಾಸ್‌ಪೋರ್ಟ್ ನೋಡಿದೆ, ಎರಡೂ ಹೆಸರಿದೆ. ಜಮೀನಿನ ಕಾಗದ ಇದೆ, ಬಾಕಿಯೂ ಇದೆ. ಒಯ್ಯುವುದಿಲ್ಲ. ಮಂಡಿಯ ವಿಷಯ ಯಾರಾದರೂ ಹೇಳಿ.

ಭಟ್ಕಳ

ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಬೇಕೆಂದು ಬರೆಸಿ. ಕುರ್ಚಿ ತಳ್ಳುವವರೇ ಎಲ್ಲ ಸಾಲು ದಾಟಿಸಿ ಹೊರಗೆ ಅಣ್ಣನ ಮುಂದೆ ಬಿಡುತ್ತಾರೆ. ನನ್ನ ಅಕ್ಕ ಹಾಗೆಯೇ ಬಂದಳು. ಮಾವಿನಹಣ್ಣನ್ನು ಕಾಯಿ ಇದ್ದಾಗಲೇ ಹುಲ್ಲಿನಲ್ಲಿಟ್ಟು ಒಯ್ಯಿರಿ.

ಹೊನ್ನಾವರ

ಹುಲ್ಲು ಬೇಡ ಅಕ್ಕಾ, ಅಲ್ಲಿ ತಗಾದೆ ಮಾಡಿದರೂ ಮಾಡಿದರು. ಒಂದೊಂದನ್ನೂ ಕಾಗದದಲ್ಲಿ ಸುತ್ತಿ. ಇಶಾಡದ ಸಿಪ್ಪೆ ತೆಳು, ಮೇಲೆ ಭಾರ ಬೀಳಬಾರದು.

ಶಿರಸಿ ಹತ್ತಿರದ ತೋಟಿಗ

ತೋಡೂರಿನವರು ಕ್ಷಮಿಸಬೇಕು. ಭಟ್ಕಳದವರಲ್ಲಿ ಒಂದು ಮಾತು ಕೇಳುವುದಿತ್ತು. ನಿಮ್ಮ ಬರಹ ಓದಿ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಅವನಿಗೆ ಮಾರ್ಚ್‌ನಲ್ಲಿ ಹತ್ತು ದಿನ ರಜೆ ಸಿಗಬಹುದಂತೆ, ನನ್ನ ಅಡಿಕೆ ಕೊಯ್ಲೂ ಅಷ್ಟರಲ್ಲಿ ಮುಗಿದಿರುತ್ತದೆ. ದೇರಾದ ಆ ಮನೆಗೆ ದಿನಕ್ಕೆ ಎಷ್ಟು ಕೊಟ್ಟಿರಿ? ಅಡುಗೆ ನಾವೇ ಮಾಡಿಕೊಳ್ಳಬಹುದೇ?

ಭಟ್ಕಳ

ಆಗ 230 ದಿರ್ಹಮ್. ಗ್ಯಾಸ್ ಒಲೆ, ಕುಕ್ಕರ್, ಎರಡು ಬಾಣಲೆ ಇದ್ದವು. ದೋಸೆಯ ಕಾವಲಿ ಇರಲಿಲ್ಲ, ಅದನ್ನು ಒಯ್ಯಿರಿ. ಮಗನ ನಂಬರನ್ನು ನಿಮಗೆ ಬೇರೆಯಾಗಿ ಕಳಿಸುತ್ತೇನೆ.